ಓದುವಾಗ ಸಿಕ್ಕ ಅಪರೂಪದ ಇಂಗ್ಲಿಷ್ ಪದಗಳನ್ನು ಕೂಡಿಡುವುದು ಹೇಗೆ?

ಕಾಸರಗೋಡಿನ ಕಡೆಯವರಿಗೆ ಒಂದೇ ವಸ್ತುವಿಗೆ ನಾಲ್ಕು ಹೆಸರು ಇರುವುದು ಹೊಸ ಸಂಗತಿಯಲ್ಲ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಟಿ ಹೀಗೆ ಏನೋ ಒಂದು. ಶಾಲೆಯಲ್ಲಿ ಕನ್ನಡ. ಪಂಚಾಯತ್ ಕಚೇರಿಯಲ್ಲಿ, ಬಸ್ಸಿನ ಬೋರ್ಡಿನಲ್ಲಿ ಮಲಯಾಳ. ಇಂಗ್ಲಿಷ್ ಬರುವುದು ಇವೆಲ್ಲ ಆದ ಮೇಲೆ. ಅದೂ ಹೆಚ್ಚಾಗಿ ಪರೀಕ್ಷೆಗೋ ಕೆಲಸಕ್ಕೋ.

ಈ ಬರಹ ಪರೀಕ್ಷೆಗೆ ಓದುವವರಿಗಲ್ಲ. ಅವರಿಗೆ ಪಿಎಸ್‌ಸಿ ಗೈಡುಗಳಲ್ಲಿ ಪದಗಳ ಪಟ್ಟಿ ಬೇಕಾದಷ್ಟಿದೆ. ಸುಮ್ನೆ ಖುಷಿಗೆ ಇಂಗ್ಲಿಷ್ ಪುಸ್ತಕ ಓದುವವರಿದ್ದಾರಲ್ಲ, ನಡುವೆ ಒಂದು ವಿಚಿತ್ರ ಪದ ಕಂಡು ‘ಇದೇನಪ್ಪಾ’ ಅಂದುಕೊಳ್ಳುತ್ತಾರೆ, ಮರುದಿನ ಅದು ನೆನಪಿಗೇ ಬರುವುದಿಲ್ಲ. ಅಂಥವರಿಗಾಗಿ ಇದನ್ನು ಬರೆದಿದ್ದೇನೆ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪದವನ್ನು ಮಾತ್ರ ಬರೆದಿಟ್ಟರೆ ಏನೂ ಉಳಿಯುವುದಿಲ್ಲ. ಅದು ಬಂದ ಇಡೀ ವಾಕ್ಯವನ್ನು ಬರೆದಿಡಬೇಕು. ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಈ ಕೆಲಸವನ್ನು ಸುಲಭ ಮಾಡುವುದಕ್ಕೇ ಇವೆ.

ಯಾವ ಪದ ಬೇಕು, ಯಾವುದು ಬೇಡ

ಗೊತ್ತಿಲ್ಲದ ಪದವೆಲ್ಲ ಅಪರೂಪದ್ದಲ್ಲ. ನಮ್ಮಂಥವರಿಗೆ ಒಂದು ಪುಟದಲ್ಲಿ ಐದಾರು ಹೊಸ ಪದ ಬಂದರೆ ಆಶ್ಚರ್ಯವೇನಿಲ್ಲ. ಎಲ್ಲವನ್ನೂ ಬರೆಯಲು ಹೊರಟರೆ ಪುಸ್ತಕ ಮುಗಿಯುವುದಿಲ್ಲ, ಉತ್ಸಾಹ ಮಾತ್ರ ಮುಗಿಯುತ್ತದೆ. ಬಳಕೆಯ ಪದವಾದರೆ ಅದು ಹೇಗೂ ಮತ್ತೆ ಮತ್ತೆ ಎದುರಾಗುತ್ತದೆ. ನಾಲ್ಕು ಸಲ ಕಂಡಾಗ ಅರ್ಥವೂ ತಾನಾಗಿ ಹೊಳೆಯುತ್ತದೆ. ಅದನ್ನು ಬಿಟ್ಟುಬಿಡಿ.

ಓದಿದವರನ್ನು ನಿಲ್ಲಿಸಿ, ಹಿಂದೆ ಹೋಗಿ ಇನ್ನೊಮ್ಮೆ ಓದಿಸುವ ಪದವನ್ನು ಹಿಡಿಯಿರಿ. ಕೆಲವು ಸದ್ದಿನಿಂದಲೇ ನಿಲ್ಲಿಸುತ್ತವೆ. ಹಸಿದ ಹೊಟ್ಟೆ ಗುಡುಗುಡು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಬೋರ್ಬೊರಿಗ್ಮಸ್’ ಎಂಬ ಪದವಿದೆ. ಒಮ್ಮೆ ಜೋರಾಗಿ ಹೇಳಿ ನೋಡಿ, ಅರ್ಥ ಕೇಳುವ ಅಗತ್ಯವೇ ಇಲ್ಲ. ಇನ್ನು ಕೆಲವು ಪದಗಳು, ನಾವು ಒಂದು ಇಡೀ ವಾಕ್ಯದಲ್ಲಿ ಹೇಳುವುದನ್ನು ಒಂದೇ ಸಲಕ್ಕೆ ಹೇಳಿಬಿಡುತ್ತವೆ. ಮಳೆಗಾಲದಲ್ಲಿ ಭರಣಿಯ ಉಪ್ಪು ಗಾಳಿಯ ತೇವ ಹೀರಿ ತಾನೇ ನೀರಾಗುತ್ತದಲ್ಲ, ಅದಕ್ಕೆ ‘ಡೆಲಿಕ್ವೆಸ್’ ಎನ್ನುತ್ತಾರೆ. ಭರಣಿಯನ್ನು ತುಂಬಿಸುವಾಗ ಬಾಯಿಯ ಹತ್ತಿರ ಸ್ವಲ್ಪ ಖಾಲಿ ಬಿಡುತ್ತೇವೆ. ಪೀಪಾಯಿ, ಬಾಟಲಿಗಳಲ್ಲಿ ಹಾಗೆ ಉಳಿದ ಜಾಗಕ್ಕೆ ‘ಅಲಿಜ್’ ಎಂಬ ಹೆಸರಿದೆ.

ಜಾಸ್ತಿ ಮೋಸ ಮಾಡುವುದು ಮಾತ್ರ ಸುಲಭದ ಪದಗಳು. ‘ಲೆಟ್’ ಎಂದರೆ ಬಿಡು ಎಂದು ಎಲ್ಲರಿಗೂ ಗೊತ್ತು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಅಡ್ಡಿ ಎಂಬ ಅರ್ಥವೂ ಇತ್ತು. ಟೆನಿಸ್ ಆಟದಲ್ಲಿ ಸರ್ವ್ ಮಾಡಿದ ಚೆಂಡು ಬಲೆಗೆ ತಾಗಿದಾಗ ಕೂಗುವ ‘ಲೆಟ್’ನಲ್ಲಿ, ಕಾನೂನಿನ ಕಾಗದಪತ್ರಗಳಲ್ಲಿ ಅದು ಇನ್ನೂ ಬದುಕಿದೆ. ‘ಪ್ರೆಸೆಂಟ್ಲಿ’ ಎಂದರೆ ಒಂದು ಕಾಲದಲ್ಲಿ ಈ ಕ್ಷಣವೇ ಎಂದು. ಆಮೇಲೆ ಅದೇ ಪದ ಸ್ವಲ್ಪ ಹೊತ್ತಿನಲ್ಲಿ ಎಂದಾಯಿತು. ಗೊತ್ತಿರುವ ಪದ ವಾಕ್ಯದಲ್ಲಿ ಸರಿಯಾಗಿ ಕೂರದಿದ್ದರೆ ಅದನ್ನು ಖಂಡಿತ ಬರೆದುಕೊಳ್ಳಿ.

ಬೇಡದ್ದು ಎಂದರೆ ವಾಟ್ಸಾಪಿನಲ್ಲಿ ಓಡಾಡುವ ‘ಅತಿ ಉದ್ದದ ಪದ’ಗಳು. ಜ್ವಾಲಾಮುಖಿಯ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗೆ 45 ಅಕ್ಷರದ ಒಂದು ಹೆಸರಿದೆ. 1935ರಲ್ಲಿ ಅಮೆರಿಕದ ಒಗಟುಪ್ರಿಯರ ಸಂಘದವರು ಅದನ್ನು ಉದ್ದವಾಗಿರಲಿ ಎಂದೇ ಕಟ್ಟಿದರು. ಯಾವ ವೈದ್ಯರೂ ಅದನ್ನು ಚೀಟಿಯಲ್ಲಿ ಬರೆಯುವುದಿಲ್ಲ. ಪಟ್ಟಿಯಲ್ಲೇ ಹುಟ್ಟಿ ಪಟ್ಟಿಯಲ್ಲೇ ಉಳಿದ ಪದ ನಮ್ಮ ಸಂಗ್ರಹಕ್ಕೆ ಯಾಕೆ? ಓದುವಾಗ ಎದುರಾದದ್ದು ಮಾತ್ರ ಲೆಕ್ಕಕ್ಕೆ.

ಅಪರೂಪ ಎನ್ನುವುದೂ ಶಾಶ್ವತವಲ್ಲ. ಒಣಗಿದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆಗೆ ‘ಪೆಟ್ರಿಕೋರ್’ ಎಂದು ಹೆಸರಿಟ್ಟವರು ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು. 1964ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಬಂತು. ಕಲ್ಲು ಎಂಬ ಗ್ರೀಕ್ ಪದಕ್ಕೆ, ದೇವತೆಗಳ ನರದಲ್ಲಿ ಹರಿಯುವ ರಸ ಎಂಬ ಇನ್ನೊಂದನ್ನು ಸೇರಿಸಿ ಕಟ್ಟಿದ್ದು. ಬಹಳ ಕಾಲ ವಿಜ್ಞಾನಿಗಳ ನಡುವೆಯೇ ಇದ್ದ ಈ ಪದ ಈಗ ಜೂನ್ ಬಂದರೆ ಎಲ್ಲರ ಸ್ಟೇಟಸ್ಸಿನಲ್ಲೂ ಇರುತ್ತದೆ. ಇದನ್ನು ಸಂಗ್ರಹಕ್ಕೆ ಸೇರಿಸಬೇಕೇ? ನನ್ನ ಮಟ್ಟಿಗೆ ಬೇಡ.

ಓದು ನಿಲ್ಲಿಸದೆ ಗುರುತು ಹಾಕಿ

ಪದ ಸಿಕ್ಕಿದ ಕೂಡಲೇ ಮೊಬೈಲ್ ತೆಗೆದು ಅರ್ಥ ನೋಡಬೇಡಿ. ನೋಡಲು ಹೋದರೆ ಅರ್ಧ ಗಂಟೆ ಬೇರೆಲ್ಲೋ ಕಳೆದುಹೋಗುತ್ತದೆ. ಪುಟದ ನಡುವೆ ಸಣ್ಣ ಕಾಗದದ ತುಂಡು ಇಟ್ಟು ಮುಂದೆ ಓದಿ. ಸ್ವಂತ ಪುಸ್ತಕವಾದರೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಸಾಕು.

ಗ್ರಂಥಾಲಯದ ಪುಸ್ತಕವಾದರೆ ಚುಕ್ಕೆಯೂ ಬೇಡ. ಕೇರಳದಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ಅವರು ತೀರಿಕೊಂಡ ಜೂನ್ 19 ಇಲ್ಲಿ ವಾಚನ ದಿನ. ಆ ಚಳವಳಿಯ ಪುಣ್ಯದಿಂದ ನಮ್ಮ ಹಳ್ಳಿಗಳಲ್ಲೂ ಗ್ರಂಥಾಲಯಗಳಿವೆ. ಮಲಯಾಳದ ಕಪಾಟು ದಾಟಿ, ಕನ್ನಡದ ಕಪಾಟನ್ನೂ ದಾಟಿ ಹೋದರೆ, ಮೂಲೆಯಲ್ಲಿ ಯಾರೂ ಮುಟ್ಟದ ಇಂಗ್ಲಿಷ್ ಪುಸ್ತಕಗಳು ಕೆಲವಾದರೂ ಇರುತ್ತವೆ. ಪದ ಹುಡುಕುವವರಿಗೆ ಯಾರೂ ಮುಟ್ಟದ್ದೇ ಒಳ್ಳೆಯದು. ಇಂಥ ಪುಸ್ತಕದ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪುಟದ ಸಂಖ್ಯೆಯೂ ಫೋಟೋದಲ್ಲಿ ಬರಲಿ. ಪುಸ್ತಕದ ಹೆಸರಿರುವ ಮೊದಲ ಪುಟವನ್ನೂ ಒಮ್ಮೆ ತೆಗೆದಿಡಿ. ಪುಸ್ತಕ ವಾಪಸು ಕೊಟ್ಟ ಮೇಲೆ ಇವು ಬೇಕಾಗುತ್ತವೆ.

ಕಿಂಡಲ್‌ನಲ್ಲಿ ಓದುವವರಿಗೆ ಈ ಕಷ್ಟವಿಲ್ಲ. ಒತ್ತಿ ಹಿಡಿದು ಅರ್ಥ ನೋಡಿದ ಪದಗಳನ್ನೆಲ್ಲ ಅದು ತನ್ನ ‘ವೊಕ್ಯಾಬುಲರಿ ಬಿಲ್ಡರ್’ನಲ್ಲಿ ವಾಕ್ಯದ ಸಮೇತ ಸೇರಿಸಿಕೊಂಡಿರುತ್ತದೆ. ಆದರೆ ಅದಕ್ಕೆ ಬಳಕೆಯ ಪದ, ಅಪರೂಪದ ಪದ ಎಂಬ ಭೇದವಿಲ್ಲ. ಆರಿಸುವ ಕೆಲಸ ನಮ್ಮದೇ.

ಚೀಟಿ ಬರೆಯುವುದು

ಇಂಗ್ಲಿಷಿನ ಅತಿ ದೊಡ್ಡ ನಿಘಂಟು ಹುಟ್ಟಿದ್ದೇ ಓದುಗರ ಚೀಟಿಗಳಿಂದ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರೆ 1879ರಲ್ಲಿ ಓದುಗರಿಗೆ ಒಂದು ಮನವಿ ಮಾಡಿದರು. ನಿಮ್ಮ ಪಾಡಿಗೆ ಪುಸ್ತಕ ಓದಿ, ಅಪರೂಪ ಎನಿಸಿದ, ಹಳತು ಎನಿಸಿದ, ಹೊಸತು ಎನಿಸಿದ, ವಿಚಿತ್ರವಾಗಿ ಬಳಸಿದ ಪ್ರತಿ ಪದವನ್ನು ಅದರ ವಾಕ್ಯದ ಸಮೇತ ಬರೆದು ಕಳಿಸಿ ಎಂದು. ಒಂದು ಪದಕ್ಕೆ ಒಂದು ಚೀಟಿ. ಅಳತೆ ಸುಮಾರು ಆರು ಇಂಚು, ನಾಲ್ಕು ಇಂಚು. ಚೀಟಿಗಳು ಲಕ್ಷಗಟ್ಟಲೆ ಬಂದವು. ಹಿಂದಿನ ಸಂಪಾದಕರ ಕಾಲದಲ್ಲಿ ಕೂಡಿದ್ದ ಚೀಟಿಗಳೂ ಚೀಲ ಚೀಲವಾಗಿ ಬಂದಿದ್ದವು. ಒಂದು ಚೀಲದಲ್ಲಿ ಸತ್ತ ಹೆಗ್ಗಣ, ಇನ್ನೊಂದರಲ್ಲಿ ಬದುಕಿರುವ ಇಲಿಯ ಸಂಸಾರವೇ ಸಿಕ್ಕಿತಂತೆ. 1884ರಲ್ಲಿ ಮೊದಲ ಕಂತು ಹೊರಬಂತು. 1915ರಲ್ಲಿ ಮರೆ ತೀರಿಕೊಂಡರು. ನಿಘಂಟು ಮುಗಿದದ್ದು 1928ರಲ್ಲಿ.

ನಮಗೆ ಇದರಿಂದ ಬೇಕಾದದ್ದು ಆ ಚೀಟಿಯ ಕ್ರಮ. ಎ4 ಹಾಳೆಯೊಂದನ್ನು ನಾಲ್ಕು ಭಾಗ ಮಾಡಿದರೆ ಹೆಚ್ಚುಕಡಿಮೆ ಮರೆಯವರ ಅಳತೆಯ ಚೀಟಿಯೇ ಸಿಗುತ್ತದೆ. ಒಂದು ಬದಿ ಪ್ರಿಂಟ್ ಆದ ಹಳೆ ಹಾಳೆಯೂ ಆಗುತ್ತದೆ, ಆದರೆ ಹಿಂಬದಿಯೂ ಬೇಕಾಗುವುದರಿಂದ ಖಾಲಿ ಹಾಳೆ ಒಳ್ಳೆಯದು.

ಎಡಗಡೆ ಮೇಲೆ ಪದ. ಅದರ ಸ್ಪೆಲ್ಲಿಂಗ್ ಪುಸ್ತಕದಲ್ಲಿ ಇದ್ದ ಹಾಗೆಯೇ ಇರಲಿ, ನೀವು ತಿದ್ದಬೇಡಿ. ಅದರ ಕೆಳಗೆ ಪುಸ್ತಕದ ಹೆಸರು, ಬರೆದವರು, ಪ್ರಕಟವಾದ ವರ್ಷ, ಪುಟ. ವರ್ಷ ಬರೆಯುವಾಗ ಜಾಗ್ರತೆ. ನಿಮ್ಮ ಕೈಯಲ್ಲಿರುವುದು ಇತ್ತೀಚಿನ ಮರುಮುದ್ರಣ ಇರಬಹುದು, ಪುಸ್ತಕ ಮೊದಲು ಬಂದದ್ದು 150 ವರ್ಷದ ಹಿಂದೆ ಇರಬಹುದು. ಪದದ ವಯಸ್ಸು ತಿಳಿಯಲು ಬೇಕಾದದ್ದು ಮೊದಲ ವರ್ಷ. ಆಮೇಲೆ ಪೂರ್ತಿ ವಾಕ್ಯ. ತೀರಾ ಉದ್ದವಾದರೆ ನಡುವೆ ಚುಕ್ಕೆ ಹಾಕಿ ಬಿಡಬಹುದು, ಆದರೆ ಪದಕ್ಕೆ ಅರ್ಥ ಕೊಡುವ ಭಾಗವನ್ನು ಬಿಡಬಾರದು.

ಯಾಕೆ ಇಷ್ಟೆಲ್ಲ? ಪದ ಮತ್ತು ಅರ್ಥ ಮಾತ್ರ ಬರೆದಿಟ್ಟರೆ ಆರು ತಿಂಗಳ ಮೇಲೆ ಅದು ಯಾರದೋ ಫೋನ್ ನಂಬರಿನ ಹಾಗೆ ಕಾಣುತ್ತದೆ. ಯಾರದ್ದು, ಯಾಕೆ ಬರೆದೆ ಎಂದು ನೆನಪಾಗುವುದಿಲ್ಲ. ವಾಕ್ಯ ಇದ್ದರೆ ಇಡೀ ಪುಟ ನೆನಪಾಗುತ್ತದೆ. ಪದದ ಸ್ವಭಾವವೂ ವಾಕ್ಯದಲ್ಲೇ ಇರುವುದು. ಅದು ಬೈಗುಳವೋ ತಮಾಷೆಯೋ, ಮನುಷ್ಯರಿಗೆ ಹೇಳುವುದೋ ವಸ್ತುವಿಗೋ, ಇದನ್ನೆಲ್ಲ ಅರ್ಥದ ಒಂದು ಸಾಲು ಹೇಳುವುದಿಲ್ಲ.

ಮರೆ ಅವರ ಒಂದು ಗೋಳನ್ನೂ ಇಲ್ಲಿ ಹೇಳಬೇಕು. ಓದುಗರು ವಿಚಿತ್ರ ಪದಗಳ ಹಿಂದೆ ಬಿದ್ದು ಸಾಮಾನ್ಯ ಪದಗಳನ್ನು ಮರೆತೇಬಿಟ್ಟಿದ್ದರು. ‘ಅಬ್ಯೂಶನ್’ ಎಂಬ ಯಾರಿಗೂ ಬೇಡದ ಪದಕ್ಕೆ ಸುಮಾರು 50 ಚೀಟಿ ಬಂದಿತ್ತು. ದಿನನಿತ್ಯದ ‘ಅಬ್ಯೂಸ್’ಗೆ ಐದೂ ಇರಲಿಲ್ಲ. ನಾವು ನಿಘಂಟು ಮಾಡುತ್ತಿಲ್ಲ, ಅಷ್ಟು ಚಿಂತೆ ಬೇಡ. ಆದರೂ ಸುಲಭದ ಪದಗಳ ವಿಚಿತ್ರ ಬಳಕೆಗೆ ನಿಮ್ಮ ಡಬ್ಬಿಯಲ್ಲಿ ಜಾಗ ಇರಲಿ.

ಮೊದಲು ಊಹೆ, ಆಮೇಲೆ ನಿಘಂಟು

ವಾಕ್ಯದ ಕೆಳಗೆ ಪೆನ್ಸಿಲಿನಿಂದ ನಿಮ್ಮ ಊಹೆ ಬರೆಯಿರಿ. ಆಮೇಲೆ ನಿಘಂಟು ನೋಡಿ. ಊಹೆ ತಪ್ಪಿದ್ದರೂ ಅಳಿಸಬೇಡಿ. ಯಾಕೆ ಹಾಗೆ ಅಂದುಕೊಂಡೆವು ಎಂಬುದರಲ್ಲೇ ಪದ ಮನಸ್ಸಿನಲ್ಲಿ ನಿಲ್ಲುವುದು.

ಉದ್ದದ ಪದಗಳನ್ನು ಬಿಡಿಸಿ ನೋಡಿ. ಸಂಧಿ, ಸಮಾಸ ಕಲಿತವರಿಗೆ ಇದು ಹೊಸ ವಿದ್ಯೆಯಲ್ಲ. ‘ಸೆಸ್ಕ್ವಿಪಿಡೇಲಿಯನ್’ ಎಂದರೆ ಭಯವಾಗುತ್ತದೆ. ಬಿಡಿಸಿದರೆ ‘ಸೆಸ್ಕ್ವಿ’ ಒಂದೂವರೆ, ‘ಪಿಡ್’ ಅಡಿ. ಒಂದೂವರೆ ಅಡಿ ಉದ್ದದ ಪದ ಎಂದು ಲ್ಯಾಟಿನ್ ಕವಿ ಹೊರೇಸ್ ಗೇಲಿ ಮಾಡಿದ್ದರಿಂದ ಬಂದದ್ದು ಅದು. ಉದ್ದುದ್ದ ಪದ ಬಳಸುವ ಚಟಕ್ಕೆ ತಾನೇ ಉದ್ದವಾದ ಹೆಸರು.

ನಿಘಂಟುಗಳಲ್ಲಿ ಮೆರಿಯಮ್-ವೆಬ್‌ಸ್ಟರ್, ವಿಕ್ಷನರಿ, ವರ್ಡ್‌ನಿಕ್ ಇಂಟರ್‌ನೆಟ್ಟಿನಲ್ಲಿ ಉಚಿತ. ಪದದ ಮೂಲ ನೋಡಲು ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ ಇದೆ. ಆಕ್ಸ್‌ಫರ್ಡಿನ ದೊಡ್ಡ ನಿಘಂಟಿಗೆ ಚಂದಾ ಬೇಕು. ಕೆಲವು ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಇರುತ್ತದೆ, ಗುರುತಿನವರಿದ್ದರೆ ಕೇಳಿ ನೋಡಿ. ಕನ್ನಡದ ಅರ್ಥಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಇವೆ.

ನಿಘಂಟಿನಲ್ಲಿ ಅರ್ಥದ ಪಕ್ಕದ ಸಣ್ಣ ಗುರುತುಗಳನ್ನು ಬಿಡಬೇಡಿ. ‘ಆಬ್ಸೊಲೀಟ್’ ಎಂದಿದ್ದರೆ ಬಳಕೆ ನಿಂತುಹೋಗಿದೆ ಎಂದು. ಮೆರಿಯಮ್-ವೆಬ್‌ಸ್ಟರ್‌ನವರು ಇದಕ್ಕೆ ಒಂದು ಗಡಿ ಹಾಕಿಕೊಂಡಿದ್ದಾರೆ: 1755ರ ಈಚೆಗೆ ಬಳಸಿದ ಸಾಕ್ಷಿ ಸಿಗದ ಪದಕ್ಕೆ ಮಾತ್ರ ಆ ಗುರುತು. ಸಾಮ್ಯುಯೆಲ್ ಜಾನ್ಸನ್ನರ ನಿಘಂಟು ಬಂದ ವರ್ಷ ಅದು. ‘ಆರ್ಕೇಯಿಕ್’ ಎಂದಿದ್ದರೆ ಪೂರ್ತಿ ಸತ್ತಿಲ್ಲ, ಅಲ್ಲಿ ಇಲ್ಲಿ ಉಳಿದಿದೆ ಎಂದು. ಈ ಗುರುತನ್ನು ಚೀಟಿಯ ಬಲಗಡೆ ಮೇಲೆ ಬರೆದಿಡಿ.

ಹಾಗಂತ ನಿಘಂಟು ವೇದವಾಕ್ಯವಲ್ಲ. 1934ರ ವೆಬ್‌ಸ್ಟರ್ ನಿಘಂಟಿನಲ್ಲಿ ‘ಡೋರ್ಡ್’ ಎಂಬ ಪದ, ಸಾಂದ್ರತೆ ಎಂಬ ಅರ್ಥದೊಡನೆ ಅಚ್ಚಾಗಿತ್ತು. ಅಂಥ ಪದವೇ ಇರಲಿಲ್ಲ! ಸಾಂದ್ರತೆಗೆ ‘ದೊಡ್ಡ ಡಿ ಅಥವಾ ಸಣ್ಣ ಡಿ’ ಎಂಬ ಸಂಕೇತ ಬಳಸಬಹುದು ಎಂದು ಯಾರೋ ಚೀಟಿ ಬರೆದಿದ್ದರು. ‘ಅಥವಾ’ ಎಂಬ ಅರ್ಥದ ಇಂಗ್ಲಿಷಿನ ‘ಆರ್’ ಎರಡು ಡಿಗಳ ನಡುವೆ ಅಂಟಿಕೊಂಡು ಹೊಸ ಪದವೇ ಆಗಿಬಿಟ್ಟಿತು. 1939ರಲ್ಲಿ ಯಾರದೋ ಕಣ್ಣಿಗೆ ಬಿದ್ದು ಆಮೇಲೆ ತೆಗೆದರು. ನಿಮ್ಮ ಪದ ಒಂದೇ ಒಂದು ಕಡೆ ಮಾತ್ರ ಸಿಗುತ್ತಿದ್ದರೆ ಇನ್ನೊಂದು ಸಾಕ್ಷಿ ಹುಡುಕಿ.

ಗೂಗಲ್‌ನ ಎನ್‌ಗ್ರಾಮ್ ವ್ಯೂವರ್‌ನಲ್ಲಿ ಒಂದು ಪದ ಯಾವ ಕಾಲದ ಪುಸ್ತಕಗಳಲ್ಲಿ ಎಷ್ಟು ಬಂದಿದೆ ಎಂದು ಗೆರೆ ಎಳೆದು ತೋರಿಸುತ್ತಾರೆ. ಚೆನ್ನಾಗಿದೆ. ಆದರೆ 1800ಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ‘ಎಸ್’ ಅಕ್ಷರವನ್ನು ಉದ್ದಕ್ಕೆ, ಹೆಚ್ಚುಕಡಿಮೆ ‘ಎಫ್’ ಥರ ಅಚ್ಚು ಹಾಕುತ್ತಿದ್ದರು. ಕಂಪ್ಯೂಟರ್ ಅದನ್ನು ಹಲವು ಸಲ ‘ಎಫ್’ ಎಂದೇ ಓದುತ್ತದೆ. ಹಾಗಾಗಿ ಹಳೆಯ ಪುಸ್ತಕದಲ್ಲಿ ‘ಎಫ್’ ಇರುವ ವಿಚಿತ್ರ ಪದ ಕಂಡರೆ ಅಲ್ಲಿ ‘ಎಸ್’ ಹಾಕಿ ಒಮ್ಮೆ ಓದಿ ನೋಡಿ.

ಉಚ್ಚಾರ ಕನ್ನಡದಲ್ಲೇ ಇರಲಿ

ಕಣ್ಣಿನಿಂದ ಮಾತ್ರ ಕಲಿತ ಪದವನ್ನು ಬಾಯಲ್ಲಿ ಹೇಳಲು ಹೋದರೆ ಫಜೀತಿ. ಇ-ಪಿ-ಐ-ಟಿ-ಒ-ಎಂ-ಇ ಎಂದು ಬರೆಯುವುದನ್ನು ‘ಎಪಿಟೋಮ್’ ಅನ್ನುವವರೇ ಹೆಚ್ಚು. ಅದು ‘ಇಪಿಟಮಿ’. ಎ-ಡಬ್ಲ್ಯು-ಆರ್-ವೈ ‘ಆರಿ’ ಅಲ್ಲ, ‘ಅರೈ’. ಹಡಗು ನಿಲ್ಲುವ ಕಟ್ಟೆಗೆ ಕ್ಯು-ಯು-ಎ-ವೈ ಎಂದು ಬರೆದು ‘ಕೀ’ ಅನ್ನುತ್ತಾರೆ. ಊಟದ ಸಾಮಗ್ರಿಗೆ ಹಳೆಯ ಪದವೊಂದಿದೆ, ‘ವಿಕ್ಚುವಲ್ಸ್’ ಎಂದು ಓದುವ ಹಾಗೆ ಬರೆಯುತ್ತಾರೆ. ಹೇಳುವುದು ಮಾತ್ರ ನಮ್ಮ ವಿಟ್ಲದ ಹೆಸರಿಗೆ ‘ಸ್’ ಸೇರಿಸಿದ ಹಾಗೆ, ‘ವಿಟ್ಲ್ಸ್’.

ನಿಘಂಟಿನ ಉಚ್ಚಾರ ಚಿಹ್ನೆಗಳನ್ನು ಕಲಿತರೆ ಒಳ್ಳೆಯದೇ. ಕಲಿಯದವರು ನಿಘಂಟಿನ ಧ್ವನಿ ಒತ್ತಿ ಕೇಳಿ, ಕೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಎ, ಏ, ಒ, ಓ ಭೇದ ಇರುವುದರಿಂದ ನಮ್ಮ ಲಿಪಿ ಈ ಕೆಲಸಕ್ಕೆ ತುಂಬ ಅನುಕೂಲ. ‘ಎಫ್’, ‘ಝಡ್’ ಸದ್ದಿಗೆ ಫ಼, ಜ಼ ಎಂದು ಕೆಳಗೆ ಎರಡು ಚುಕ್ಕೆ ಹಾಕಿದರೆ ಆಯಿತು. ಯಾವ ಭಾಗವನ್ನು ಒತ್ತಿ ಹೇಳಬೇಕೋ ಅದರ ಅಡಿಗೆ ಗೆರೆ ಎಳೆಯಿರಿ. ಇಂಗ್ಲಿಷಿನಲ್ಲಿ ಅರ್ಧ ಉಚ್ಚಾರ ಆ ಒತ್ತಿನಲ್ಲೇ ಇರುವುದು.

ಹಿಂಬದಿಯಲ್ಲಿ ನಮ್ಮ ಹೆಸರು

ಚೀಟಿಯ ಹಿಂಬದಿ ಖಾಲಿ ಬಿಡಿ ಎಂದದ್ದು ಇದಕ್ಕೆ. ಆ ವಸ್ತುವಿಗೆ, ಆ ಕೆಲಸಕ್ಕೆ ನಿಮ್ಮ ಮನೆಯಲ್ಲಿ ಏನು ಹೇಳುತ್ತಾರೆ ಎಂದು ಅಲ್ಲಿ ಬರೆಯಿರಿ. ನಿಘಂಟಿನ ಕನ್ನಡ ಅರ್ಥವನ್ನು ಹಾಗೆಯೇ ಇಳಿಸಬೇಡಿ. ಅದು ಹಲವು ಸಲ ಆ ಇಂಗ್ಲಿಷ್ ಪದಕ್ಕಿಂತಲೂ ಕಷ್ಟವಾಗಿರುತ್ತದೆ.

ಉದಾಹರಣೆಗೆ ‘ಸ್ಪೇದ್’. ಹೂಗೊಂಚಲನ್ನು ಮುಚ್ಚಿಕೊಂಡಿರುವ ಹೊದಿಕೆ ಎಂದು ನಿಘಂಟು ಹೇಳುತ್ತದೆ. ಅಡಿಕೆ ತೋಟ ಇರುವವರಿಗೆ ಇದು ಕಣ್ಣೆದುರೇ ಇದೆ. ಒಳಗೆ ಬೆಳ್ಳಗೆ ಇರುವ ಹಿಂಗಾರ, ತುಳುವಿನ ಪಿಂಗಾರ. ಅದು ಬಿರಿಯುವ ಮೊದಲು ಸುತ್ತಿಕೊಂಡಿರುವುದೇ ಸ್ಪೇದ್. ಒಂದು ತಮಾಷೆ ಎಂದರೆ, ಅಡಿಕೆ ಹಾಳೆಯ ತಟ್ಟೆಗಳನ್ನು ವಿದೇಶಕ್ಕೆ ಕಳಿಸುವಾಗ ಅದಕ್ಕೂ ‘ಸ್ಪೇದ್’ ಎಂದೇ ಬರೆಯುತ್ತಾರೆ. ಹಾಳೆ ಸೋಗೆಯ ಬುಡದ ಭಾಗ, ಹೂವಿನ ಹೊದಿಕೆಯಲ್ಲ. ಹೀಗೆ ಇಂಗ್ಲಿಷ್ ಪದ ತಪ್ಪಿ ಕೂತಿರುವುದು ನಮಗೆ ಗೊತ್ತಾಗುತ್ತದೆ, ಲಂಡನ್ನಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ.

‘ಆ್ಯಡಿಟ್’ ಎಂಬ ಗಣಿಗಾರರ ಪದವನ್ನು ನೋಡಿ. ಗುಡ್ಡದ ಬದಿಯಿಂದ ಒಳಕ್ಕೆ ಅಡ್ಡಲಾಗಿ ಕೊರೆದ ದಾರಿ. ನಮ್ಮ ಕಡೆ ಇದನ್ನು ವಿವರಿಸುವ ಕಷ್ಟವೇ ಇಲ್ಲ, ಸುರಂಗ ಎಂದರೆ ಸಾಕು. ಆದರೆ ಆ್ಯಡಿಟ್ ಗಣಿಗೆ ಹೋಗಿಬರಲು, ಅಲ್ಲಿನ ನೀರು ಹೊರಗೆ ಬಿಡಲು. ನಮ್ಮ ಸುರಂಗ ಕೊರೆಯುವುದೇ ಗುಡ್ಡದ ಒಳಗಿನ ನೀರು ಪಡೆಯಲು. ಈ ವ್ಯತ್ಯಾಸವನ್ನೂ ಒಂದು ಸಾಲು ಬರೆದಿಡಿ. ಎರಡು ಪದ ಎಲ್ಲಿ ಸರಿಯಾಗಿ ಹೊಂದುವುದಿಲ್ಲವೋ ಅಲ್ಲೇ ಸ್ವಾರಸ್ಯ ಜಾಸ್ತಿ.

ಹಿರಿಯರನ್ನು ಕೇಳಿ. ‘ಅಜ್ಜಿ, ಇದಕ್ಕೆ ನೀವು ಎಂತ ಹೇಳ್ತೀರಿ’ ಎಂದರೆ ಒಂದರ ಬದಲು ನಾಲ್ಕು ಪದ ಸಿಗುತ್ತವೆ. ಇಂಗ್ಲಿಷ್ ಪದಕ್ಕಿಂತ ಅವೇ ಅಪರೂಪದವು ಇರಬಹುದು.

ಎಲ್ಲಿ ಹುಡುಕಬೇಕು: ನಮ್ಮ ಊರಿನ ಬಗ್ಗೆ ಬರೆದ ಹಳೆಯ ಇಂಗ್ಲಿಷ್

ಕಾದಂಬರಿ, ಪ್ರವಾಸ ಕಥನ, ಹಡಗಿನ ಕಥೆ, ತೋಟಗಾರಿಕೆಯ ಪುಸ್ತಕ ಎಲ್ಲದರಲ್ಲೂ ಪದ ಸಿಗುತ್ತದೆ. ಆದರೆ ಕಾಸರಗೋಡಿನವರು ಮೊದಲು ಓದಬೇಕಾದದ್ದು ಈ ಕರಾವಳಿಯ ಬಗ್ಗೆ ಬ್ರಿಟಿಷರು ಬರೆದ ಪುಸ್ತಕಗಳನ್ನು ಎಂದು ನನ್ನ ಅಭಿಪ್ರಾಯ. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರುವ ತನಕ ನಮ್ಮದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ಜಿಲ್ಲೆಯ ಹಳೆಯ ಪುಸ್ತಕಗಳೆಲ್ಲ ನಮ್ಮವೂ ಹೌದು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಮಲಬಾರ್, ಕೆನರಾ ಸುತ್ತಿ ಬರೆದ ಪುಸ್ತಕ 1807ರಲ್ಲಿ ಪ್ರಕಟವಾಯಿತು. ನಮ್ಮ ಮುರಕಲ್ಲಿಗೆ ‘ಲ್ಯಾಟರೈಟ್’ ಎಂಬ ಇಂಗ್ಲಿಷ್ ಹೆಸರು ಬಂದದ್ದು ಈ ಪುಸ್ತಕದಿಂದ. ಮಲಬಾರಿನ ಅಂಗಾಡಿಪುರದಲ್ಲಿ ಅವರು ಆ ಕಲ್ಲು ನೋಡಿದರು. ನೆಲದಿಂದ ತೆಗೆಯುವಾಗ ಮೆತ್ತಗೆ, ಕಬ್ಬಿಣದ ಹತಾರದಲ್ಲಿ ಇಟ್ಟಿಗೆಯ ಹಾಗೆ ಕತ್ತರಿಸಬಹುದು, ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಕಲ್ಲಿನ ಕೋರೆಯಲ್ಲಿ ಕೆಲಸ ಮಾಡುವ ಯಾರಿಗೂ ಇದು ಗೊತ್ತು. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ, ಅದರಿಂದ ಹೆಸರು ಕಟ್ಟಿದರು. ಈಗ ಬ್ರೆಜಿಲ್‌ನ ಮಣ್ಣಿಗೂ ಆಫ್ರಿಕಾದ ಮಣ್ಣಿಗೂ ಭೂವಿಜ್ಞಾನಿಗಳು ಅದೇ ಹೆಸರು ಹೇಳುತ್ತಾರೆ.

ಇಂಥ ಪುಸ್ತಕಗಳಲ್ಲಿ ಓದುವಾಗ ಎಡವುವುದು ಹೇಗೆ ಗೊತ್ತಾ? ಒಂದು ಕಡೆ ಇಷ್ಟು ‘ಕ್ಯಾಂಡಿ’ ಅಡಿಕೆ ಎಂದಿರುತ್ತದೆ. ಮಿಠಾಯಿಗೂ ಅಡಿಕೆಗೂ ಏನು ಸಂಬಂಧ? ಅದು ನಮ್ಮ ಖಂಡಿ. ಊರಿಂದ ಊರಿಗೆ ತೂಕ ಬೇರೆ, ಹೆಚ್ಚುಕಡಿಮೆ 500 ಪೌಂಡು. ತೋಟದಲ್ಲಿ ‘ಜ್ಯಾಕ್’ ಇದೆ ಎಂದಿದ್ದರೆ ಟಯರ್ ಬದಲಿಸುವ ಜ್ಯಾಕ್ ಅಲ್ಲ, ಹಲಸು. ಮಲಯಾಳದ ಚಕ್ಕ ಪೋರ್ಚುಗೀಸರ ಬಾಯಿಗೆ ಹೋಗಿ ಇಂಗ್ಲಿಷಿಗೆ ಬಂದದ್ದು. ‘ಪ್ಯಾಟಮಾರ್’ ಎಂದರೆ ಪತ್ತೇಮಾರಿ, ಸರಕು ಸಾಗಿಸುವ ಹಾಯಿ ಹಡಗು. ‘ಕ್ಯಾಜನ್’ ಎಂದರೆ ಮಾಡಿಗೆ ಹಾಸಲು ಹೆಣೆದ ತೆಂಗಿನ ಮಡಲು, ಕೆಲವು ಕಡೆ ಬರೆಯುವ ತಾಳೆಗರಿಯೂ ಹೌದು. ಈ ಪದ ಮಾತ್ರ ನಮ್ಮದಲ್ಲ, ಮಲಯ ಭಾಷೆಯಿಂದ ಬಂದದ್ದು. ‘ಅರೆಕಾ’, ‘ಕೊಪ್ರಾ’, ‘ಕಾಯರ್’, ‘ಬೀಟ್ಲ್’, ‘ಟೀಕ್’ ಎಲ್ಲ ಇದೇ ಕರಾವಳಿಯಿಂದ ಹೋದವು. ಅಡಿಕೆ, ಕೊಬ್ಬರಿ, ಹಗ್ಗ, ವೀಳ್ಯ, ತೇಗ ಹಡಗು ಹತ್ತುವಾಗ ಹೆಸರನ್ನೂ ಕರೆದುಕೊಂಡೇ ಹತ್ತಿದವು.

ಇಂಥ ಪದಗಳಿಗೆ ಕೀಲಿಕೈ ‘ಹಾಬ್ಸನ್-ಜಾಬ್ಸನ್’ ಎಂಬ ನಿಘಂಟು, 1886ರದ್ದು. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಮಾಡಿದ್ದು. ಬರ್ನೆಲ್ ಮದ್ರಾಸ್ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದವರು, ತುಳುನಾಡಿನ ಭೂತಾರಾಧನೆಯ ಬಗ್ಗೆಯೂ ಬರಹ ಬಿಟ್ಟುಹೋಗಿದ್ದಾರೆ. ಪುಸ್ತಕ ಬರುವಷ್ಟರಲ್ಲಿ ಅವರು ಇರಲಿಲ್ಲ, 1882ರಲ್ಲೇ ತೀರಿಕೊಂಡಿದ್ದರು. ಇದರಲ್ಲಿ ಹೆಚ್ಚಿನ ಪದಗಳಿಗೆ ಹಳೆಯ ಪುಸ್ತಕಗಳ ವಾಕ್ಯಗಳನ್ನು ವರ್ಷದ ಸಮೇತ ಕೊಟ್ಟಿದ್ದಾರೆ. ಚೀಟಿ ಹೇಗೆ ಬರೆಯಬೇಕು ಎಂದು ನೋಡಿ ಕಲಿಯಲಿಕ್ಕೂ ಇದೇ ಪುಸ್ತಕ ಸಾಕು.

ಇನ್ನೊಂದು ದಾರಿ ಇದೆ, ಯಾರೂ ಅಷ್ಟಾಗಿ ತುಳಿಯುವುದಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಅಚ್ಚು ಹಾಕಿದ ಮೂರು ನಿಘಂಟುಗಳು: ಗುಂಡರ್ಟ್ ಅವರ ಮಲಯಾಳ ನಿಘಂಟು 1872ರಲ್ಲಿ, ಮೆನ್ನರ್ ಅವರ ತುಳು ನಿಘಂಟು 1886ರಲ್ಲಿ, ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ. ಮೂರರಲ್ಲೂ ಅರ್ಥ ಇರುವುದು ಇಂಗ್ಲಿಷಿನಲ್ಲಿ, ಅದೂ 19ನೇ ಶತಮಾನದ ಇಂಗ್ಲಿಷ್. ನಿಮಗೆ ಚೆನ್ನಾಗಿ ಗೊತ್ತಿರುವ ತುಳುವಿನದೋ ಕನ್ನಡದ್ದೋ ಒಂದು ಪದ ತೆಗೆಯಿರಿ. ನೇಗಿಲಿನ ಭಾಗ, ಬುಟ್ಟಿಯ ಬಗೆ, ಅಡುಗೆಮನೆಯ ಪಾತ್ರೆ, ಇಂಥವು. ಎದುರಿನ ಇಂಗ್ಲಿಷ್ ಓದಿ. ಇಲ್ಲಿ ವಸ್ತು ನಿಮಗೆ ಮೊದಲೇ ಗೊತ್ತಿದೆ, ಇಂಗ್ಲಿಷ್ ಪದ ಮಾತ್ರ ಹೊಸತು. ಇದಕ್ಕಿಂತ ಸುಲಭವಾಗಿ ಅಪರೂಪದ ಪದ ಕಲಿಯುವ ಕ್ರಮ ನಾನು ಕಾಣೆ.

ಮಳೆಗಾಲ, ಒರಲೆ, ಬೂಸ್ಟು

ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬೀಳುವ ಊರಿನಲ್ಲಿ ಕಾಗದ ಉಳಿಸುವುದೂ ಒಂದು ಹಂತವೇ. ಜೆಲ್ ಪೆನ್ ಬೇಡ, ತೇವಕ್ಕೆ ಶಾಯಿ ಹರಡುತ್ತದೆ. ಬಾಲ್ ಪೆನ್ ಅಥವಾ ಪೆನ್ಸಿಲ್ ಆಗಬಹುದು. ರಬ್ಬರ್ ಬ್ಯಾಂಡ್ ಹಾಕಬೇಡಿ, ಕರಗಿ ಅಂಟುತ್ತದೆ. ಗಟ್ಟಿ ಮುಚ್ಚಳದ ಬಿಸ್ಕೆಟ್ ಡಬ್ಬಿಯಲ್ಲಿ ಚೀಟಿಗಳನ್ನು ನಿಲ್ಲಿಸಿ ಇಡಿ. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಒಳಗೆ ಹಾಕಿ. ಡಬ್ಬಿಯನ್ನು ಗೋಡೆಗೆ ತಾಗಿಸಿ ಇಡಬೇಡಿ, ಒರಲೆ ಬರುವುದೇ ಗೋಡೆಯಿಂದ. ಮಳೆ ನಿಂತ ಮೇಲೆ ಒಮ್ಮೆ ಬಿಸಿಲಿನ ಕೋಣೆಯಲ್ಲಿ ಹರಡಿ. ಎಲ್ಲ ಚೀಟಿಗಳ ಫೋಟೋ ಮೊಬೈಲಿನಲ್ಲಿ ಇರಲಿ.

ಜೋಡಿಸುವುದು ಮತ್ತು ತೆಗೆದುಹಾಕುವುದು

ಅಕಾರಾದಿಯಾಗಿ ಜೋಡಿಸಿದರೆ ಹುಡುಕಲು ಸುಲಭ, ಓದಲು ಬೇಜಾರು. ವಿಷಯದ ಪ್ರಕಾರ ಜೋಡಿಸಿ: ನೀರು, ಹಡಗು, ಅಡುಗೆ, ಬೈಗುಳ, ಮೈಯ ಸದ್ದುಗಳು. ಹುಡುಕಲಿಕ್ಕೆ ಬೇಕಾದರೆ ಒಂದು ನೋಟ್‌ಬುಕ್ಕಿನಲ್ಲಿ ಪದಗಳ ಪಟ್ಟಿ ಮಾಡಿ ಯಾವ ಕಟ್ಟಿನಲ್ಲಿದೆ ಎಂದು ಬರೆಯಿರಿ. ಕಂಪ್ಯೂಟರ್ ಬರುವವರು ಎಕ್ಸೆಲ್ ಹಾಳೆಯಲ್ಲಿ ಮಾಡಿಕೊಳ್ಳಬಹುದು. ನೆನಪಿಟ್ಟುಕೊಳ್ಳಲೇಬೇಕು ಎನ್ನುವವರಿಗೆ, ಕಾರ್ಡು ತೋರಿಸಿ ಮತ್ತೆ ಮತ್ತೆ ನೆನಪು ಮಾಡಿಸುವ ‘ಆಂಕಿ’ ಆ್ಯಪ್ ಇದೆ. ಕಾರ್ಡಿನ ಮುಂದೆ ಪದ ಹಾಕಬೇಡಿ, ಪದದ ಜಾಗ ಖಾಲಿ ಬಿಟ್ಟ ವಾಕ್ಯ ಹಾಕಿ.

ಸಂಗ್ರಹಿಸಿದ ಪದಗಳನ್ನು ಬಳಸಬೇಕೇ ಎಂದು ಕೇಳುತ್ತಾರೆ. ಕೆಲಸದ ಅರ್ಜಿಯಲ್ಲಿ, ಬ್ಯಾಂಕಿನ ಪತ್ರದಲ್ಲಿ ಖಂಡಿತ ಬೇಡ. ಓದುವವರು ನಿಘಂಟು ತೆಗೆಯುವುದಿಲ್ಲ, ಅರ್ಜಿ ಬದಿಗಿಡುತ್ತಾರೆ. ಮಕ್ಕಳಿದ್ದರೆ ಅವರ ಜೊತೆ ಆಟಕ್ಕೆ ಚೆನ್ನಾಗಿದೆ. ಒಬ್ಬರು ಚೀಟಿಯ ವಾಕ್ಯ ಓದಬೇಕು, ಉಳಿದವರು ಅರ್ಥ ಊಹಿಸಬೇಕು, ಕೊನೆಗೆ ಹಿಂಬದಿಯ ತುಳು ಅಥವಾ ಕನ್ನಡ ಪದ ಹೇಳಬೇಕು. ಇಂಗ್ಲಿಷ್ ಮೀಡಿಯಂ ಮಕ್ಕಳು ಮೊದಲ ಭಾಗದಲ್ಲಿ ಗೆಲ್ಲುತ್ತಾರೆ, ಕೊನೆಯದರಲ್ಲಿ ಅಜ್ಜಿಯ ಹತ್ತಿರ ಓಡುತ್ತಾರೆ.

ವರ್ಷಕ್ಕೊಮ್ಮೆ ಡಬ್ಬಿ ಹಗುರ ಮಾಡಿ. ಒಂದು ಪದಕ್ಕೆ ಬೇರೆ ಬೇರೆ ಲೇಖಕರ ವಾಕ್ಯಗಳು ಸಿಕ್ಕಿದ್ದರೆ ಅವನ್ನು ಒಟ್ಟಿಗೆ ಪಿನ್ ಮಾಡಿ, ವರ್ಷದ ಕ್ರಮದಲ್ಲಿ. ಪದ ಎಲ್ಲ ಕಡೆ ಕಾಣಿಸತೊಡಗಿದ್ದರೆ ತೆಗೆದುಬಿಡಿ. ಪಟ್ಟಿ ನೋಡಿ ಬರೆದದ್ದು, ವಾಕ್ಯ ಇಲ್ಲದ್ದು, ಪುಟದ ಸಂಖ್ಯೆ ಇಲ್ಲದ್ದು ಎಷ್ಟೇ ಚಂದದ ಪದವಾದರೂ ಹೊರಗೆ. ಬೇಕಿದ್ದರೆ ಓದುವಾಗ ಇನ್ನೊಮ್ಮೆ ಸಿಗುತ್ತದೆ, ಆಗ ಸರಿಯಾಗಿ ಬರೆದುಕೊಂಡರಾಯಿತು.